ಜವುಳಿನ ತೆಗ್ಗಿಗೆ ಹಾಕಿದ ಚರಗ

ಹೋದ ತಿಂಗಳು ನಮ್ಮ ಓಣಿಯಲ್ಲಿ ನಳದ ಪೈಪು ಹಾಕಲು ನೆಲ ತೋಡಿದರು. ಮೇಲಿನ ಒರಟು ಗರಸು ಮಣ್ಣು ಮುಗಿದು ಎದೆಮಟ್ಟ ಇಳಿದಾಗ ಕಪ್ಪು ಹಸಿಮಣ್ಣು ಬಂತು. ಅದರ ವಾಸನೆ ಅಂಗಳಕ್ಕೆಲ್ಲ ಹರಡಿತು. ಕೊಳೆತ ಹುಲ್ಲಿನದೂ ಅಲ್ಲ, ತುಕ್ಕು ಹಿಡಿದ ಕಬ್ಬಿಣದ್ದೂ ಅಲ್ಲ, ಎರಡೂ ಕೂಡಿದಂಥದ್ದು. ಕಸ ಹೊಡೆಯುತ್ತಿದ್ದವಳು ಹಾಗೇ ನಿಂತುಬಿಟ್ಟೆ. ನಮ್ಮತ್ತಿ ನೀಲವ್ವ ತೀರಿಕೊಂಡು ಆಗ ಎರಡು ತಿಂಗಳಾಗಿತ್ತು. ಹನ್ನೊಂದನೆಯ ದಿನದವರೆಗೂ ಬಾರದ ಅಳು ಆ ಮಣ್ಣಿನ ವಾಸನೆಗೆ ಬಂತು.

ನನಗೆ ಬರೆಯುವ ರೂಢಿ ಇಲ್ಲ. ಹತ್ತನೆಯ ತರಗತಿ ಮುಗಿಸಿ ದುಮ್ಮವಾಡದ ಈ ಮನೆಗೆ ಸೊಸೆಯಾಗಿ ಬಂದವಳು. ಬರೆದದ್ದೆಲ್ಲ ಮಹಿಳಾ ಸಂಘದ ಠರಾವು ಪುಸ್ತಕ ಮಾತ್ರ. ಆದರೂ ಆ ಒಂದು ವರ್ಷದ ಸಂಗತಿ ನಾನು ಬರೆಯದಿದ್ದರೆ ಬರೆಯುವವರು ಬೇರೆ ಯಾರೂ ಇಲ್ಲ.

ನಮ್ಮ ಹೊಲದ ಮೇಲಿನ ಭಾಗ ಗಟ್ಟಿ ನೆಲ. ಮುಂಗಾರಿಗೆ ಗೋವಿನಜೋಳ, ಹಿಂಗಾರಿಗೆ ಬಿಳಿಜೋಳ. ಕೆಳಗಿನ ಮೂಲೆಯಲ್ಲಿ ಒಂದು ತಗ್ಗು. ಅಲ್ಲಿ ಬೇಸಗೆಯಲ್ಲೂ ನೀರು ಜಿನುಗುತ್ತದೆ. ಎಮ್ಮೆ ಇಳಿದರೆ ಹೊಟ್ಟೆಯವರೆಗೆ ಹೂತುಕೊಳ್ಳುತ್ತದೆ. ಅಂಥ ನೆಲಕ್ಕೆ ನಮ್ಮ ಕಡೆ ಜವುಳು ಅನ್ನುತ್ತಾರೆ. ನಮ್ಮವರು, ಅಂದರೆ ನನ್ನ ಗಂಡ ಈರಪ್ಪ, ಪ್ರತಿ ವರ್ಷ ಅದಕ್ಕೆ ಗರಸು ತುಂಬುವ ಮಾತು ತೆಗೆಯುತ್ತಿದ್ದರು. ನಮ್ಮತ್ತಿ ಬಿಡುತ್ತಿರಲಿಲ್ಲ.

"ಆ ತೆಗ್ಗಿನಾಗ ಏನ ಬೆಳೀತಿ ಬೇ, ಕಪ್ಪಿ ಏನ?"

"ಹೊಲಕ್ಕೂ ಒಂದು ಹೊಟ್ಟಿ ಇರಬೇಕಲೇ. ನಿನ್ನ ಹೊಟ್ಟಿಗೆ ಗರಸು ತುಂಬಿದ್ರ ಸುಮ್ಮನಿರತೀಯೇನ?"

ಆರು ವರ್ಷದ ಹಿಂದೆ, ಎಳ್ಳಮಾವಾಸ್ಯೆಗೆ ಒಂದು ವಾರ ಇರುವಾಗ, ಹುಡುಗಿಯೊಬ್ಬಳು ಆ ಜವುಳಿನ ಕಡೆಯಿಂದ ನಡೆದುಬಂದಳು. ಪ್ಯಾಂಟು ಮೊಣಕಾಲಿನವರೆಗೆ ಕೆಸರು, ಚಪ್ಪಲಿ ಕೈಯಲ್ಲಿ, ಬೆನ್ನಿಗೆ ಒಂದು ಚೀಲ. ನಾವಿಬ್ಬರೂ ಬದುವಿನ ಮೇಲೆ ಕುಳಿತು ರೊಟ್ಟಿ ತಿನ್ನುತ್ತಿದ್ದೆವು.

"ಯಾರ ಮಗಳವಾ ನೀ? ಎಮ್ಮಿ ಕಳಕೊಂಡೀ ಏನ?" ಅಂದರು ನಮ್ಮತ್ತಿ.

"ಇಲ್ರೀ ಆಯಿ. ಕೆಸರ ಹುಡುಕಾಕತ್ತೇನಿ."

"ಕೆಸರ ಹುಡುಕೋರನ್ನ ಇವತ್ತ ನೋಡಿದೆ ನೋಡ. ನಮ್ಮಲ್ಲಿ ಬೇಕಾದಷ್ಟ ಐತಿ, ಹೊತಗೊಂಡ ಹೋಗ. ಮೊದಲ ಕೈ ತೊಳಕೊಂಡು ಎರಡು ರೊಟ್ಟಿ ತಿನ್ನು."

ಅವಳ ಹೆಸರು ರಜಿಯಾ. ಅಣ್ಣಿಗೇರಿಯವಳು. ದೂರದ ಊರಿನ ಸಂಶೋಧನಾ ಕೇಂದ್ರದಲ್ಲಿ ಡಾಕ್ಟರೇಟಿಗೆ ಓದುತ್ತಿದ್ದಳು. ರೊಟ್ಟಿ ತಿನ್ನುತ್ತಲೇ ತನ್ನ ಕೆಲಸ ತಿಳಿಸಿದಳು. ಗಿಡ ಹೂ ಬಿಟ್ಟಾಗ ಪರಾಗದ ಧೂಳು ಹಾರುತ್ತದೆ. ಹೂ ಬಿಡದ ಜರಿಗಿಡಗಳು ಎಲೆಯ ಹಿಂದಿನಿಂದ ಬೀಜಾಣು ಅನ್ನುವ ಧೂಳು ಉದುರಿಸುತ್ತವೆ. ಅದರ ಸಿಪ್ಪೆ ಎಷ್ಟು ಗಟ್ಟಿ ಅಂದರೆ, ಕೆಸರಿನಲ್ಲಿ ಬಿದ್ದು ಮುಚ್ಚಿಹೋದರೆ ಸಾವಿರಾರು ವರ್ಷ ಕೆಡುವುದಿಲ್ಲ. ಒಣಗಿ ಬಿರಿಯುವ ಎರೆಮಣ್ಣಿನಲ್ಲಿ ಅದು ಉಳಿಯದು. ಸದಾ ಹಸಿಯಾಗಿರುವ ಜವುಳಿನಲ್ಲಿ ಉಳಿಯುತ್ತದೆ. ಮೇಲಿನ ಮಣ್ಣು ಹೊಸದು, ಕೆಳಗಿನದು ಹಳೆಯದು. ಯಾವ ಪದರಿನಲ್ಲಿ ಜರಿಗಿಡದ ಧೂಳು ಹೆಚ್ಚೋ ಆ ಕಾಲದಲ್ಲಿ ಮಳೆ ಚೆನ್ನಾಗಿತ್ತು. ಬರೀ ಹುಲ್ಲಿನ ಧೂಳಿದ್ದರೆ ಮಳೆ ಕಡಿಮೆ. ಉತ್ತರದ ದೇಶಗಳ ಮೇಲೆ, ಹಿಮಾಲಯದ ಮೇಲೆ ಹಿಮ ಬೆಳೆದು ಹರಡಿದ್ದ ಕಾಲದಲ್ಲಿ ನಮ್ಮ ಕಡೆ ಮಳೆ ಹೇಗಿತ್ತು, ಆ ಹಿಮ ಕರಗಿದಾಗ ಏನಾಯಿತು, ಅದನ್ನು ತಿಳಿಯಬೇಕಿತ್ತು ಅವಳಿಗೆ.

ನಮ್ಮತ್ತಿ ಪೂರ್ತಿ ಕೇಳಿ ಒಂದೇ ಮಾತು ಅಂದರು: "ಹಳೇ ಧೂಳು ಹಿಡದು ಹಳೇ ಮಳಿ ಹೇಳತೀ ಅಂದಂಗಾತು. ಬಾ, ನಾಳಿಂದ ತಗಿ."

ಎರಡು ದಿನ ಬಿಟ್ಟು ಕೆಲಸ ಶುರುವಾಯಿತು. ಬಟ್ಟೆ ಬಡಿಯುವ ಕೊಡತಿಯಷ್ಟು ದಪ್ಪದ ಉಕ್ಕಿನ ಕೊಳವೆ, ಮೇಲೆ ಅಡ್ಡ ಹಿಡಿಕೆ. ನಮ್ಮವರೂ ಇನ್ನೊಬ್ಬ ಆಳೂ ಅದನ್ನು ತಿರುವಿ ಒತ್ತಬೇಕು, ಆಮೇಲೆ ಮೇಲಕ್ಕೆ ಎಳೆಯಬೇಕು. ಕೊಳವೆ ತೆರೆದರೆ ಒಳಗೆ ಕಡಬಿನ ಹೂರಣದಂತೆ ಮಣ್ಣಿನ ಉದ್ದನೆಯ ಉಂಡೆ. ಮೇಲಿನ ನಾಲ್ಕು ಬೆರಳಿನಷ್ಟು ಮಣ್ಣು ಕಲಬೆರಕೆ ಇರಬಹುದೆಂದು ಕತ್ತರಿಸಿ ಎಸೆದು, ಉಳಿದದ್ದನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಮೇಲೆ ಯಾವುದು ಕೆಳಗೆ ಯಾವುದು ಎಂದು ಗುರುತು ಬರೆಯುತ್ತಿದ್ದಳು ರಜಿಯಾ. ಮತ್ತೆ ಅದೇ ತೂತಿನಲ್ಲಿ ಕೊಳವೆ ಇಳಿಸಿ ಇನ್ನೂ ಆಳದ ಮಣ್ಣು. ಕೇಂದ್ರಕ್ಕೆ ಒಯ್ದು ಆಸಿಡ್ಡಿನಲ್ಲಿ ಮರಳು ಕರಗಿಸಿ, ಉಳಿದ ಧೂಳು ಎಷ್ಟೆಂದು ಲೆಕ್ಕ ಹಿಡಿಯಲು ಮೊದಲೇ ಎಣಿಸಿದ ಗುರುತಿನ ಧೂಳಿನ ಗುಳಿಗೆ ಬೆರೆಸುತ್ತಾರಂತೆ.

"ಮಣ್ಣಿಗೂ ಗುಳಿಗಿ ಕೊಡತೀರಾ? ಮತ್ತ ಸರಕಾರಿ ದವಾಖಾನ್ಯಾಗ ನಮಗ್ಯಾಕ ಸ್ಟಾಕ್ ಇಲ್ಲ ಅಂತಾರ?" ಅಂದರು ನಮ್ಮತ್ತಿ. ಹಿಡಿಕೆ ಹಿಡಿದ ಇಬ್ಬರೂ ನಗುತ್ತ ಕೈ ಬಿಟ್ಟರು.

ಅಮಾವಾಸ್ಯೆಯ ಹಿಂದಿನ ದಿನ ಎರಡು ಕೊಳವೆಯ ಮಣ್ಣು ಬಂದಿತ್ತು. ಮರುದಿನ ನಮ್ಮಲ್ಲಿ ಯಾರೂ ಭೂಮಿಗೆ ಕಬ್ಬಿಣ ತಾಗಿಸುವುದಿಲ್ಲ. ರಜಿಯಾ ತೂತಿನ ಮೇಲೆ ಹಲಗೆ ಮುಚ್ಚಿ, ಕಲ್ಲು ಹೇರಿ, "ನಾಡದು ಬರತೇನ್ರಿ" ಎಂದು ಅಣ್ಣಿಗೇರಿಗೆ ಹೋದಳು.

ಎಳ್ಳಮಾವಾಸ್ಯೆಯಂದು ನಾವು ಹೊಲಕ್ಕೆ ಹೋಗಿ, ಮಾಡಿ ತಂದ ಅಡುಗೆಯನ್ನೆಲ್ಲ ಸ್ವಲ್ಪ ಸ್ವಲ್ಪ ಕೂಡಿಸಿ ಹೊಲದ ತುಂಬ ಚೆಲ್ಲುತ್ತೇವೆ. ಅದು ಚರಗ. ಭೂಮಿತಾಯಿ ಬಸುರಿ, ಅವಳಿಗೆ ಉಣಿಸುವುದು. ಆ ವರ್ಷ ನಮ್ಮವರು ಜೋಳದ ಸಾಲಿನಲ್ಲಿ ಚೆಲ್ಲುತ್ತ ಹೋದರು. ನಮ್ಮತ್ತಿ ಒಂದು ತಂಬಿಗೆಯಲ್ಲಿ ಕಡಬು, ರೊಟ್ಟಿ ಮುರಿದು ಮಜ್ಜಿಗೆಯಲ್ಲಿ ಕಲಸಿದರು. ಆಗತಾನೆ ಹೂವಾಡುತ್ತಿದ್ದ ಎರಡು ಎಳೆಯ ಜೋಳದ ತೆನೆ ಮುರಿದು, ಅದರಲ್ಲಿ ಜಾಡಿಸಿ ಜವುಳಿನ ಕಡೆ ನಡೆದರು. ನಾನೂ ಹಿಂದೆ ಹೋದೆ. ಕಲ್ಲು ಸರಿಸಲು ಕೈ ಕೊಟ್ಟವಳು ನಾನೇ. ಹಲಗೆ ಎತ್ತಿ ಅವರು ತಂಬಿಗೆಯನ್ನು ಪೂರ್ತಿ ಆ ತೂತಿನಲ್ಲಿ ಸುರಿದರು.

"ಅತ್ತೀ, ಅಲ್ಯಾಕ್ರಿ?"

"ಬಾಯಿ ತಕ್ಕೊಂಡ ಕುಂತಾಳಲ್ಲ ತಾಯಿ. ತೆರದ ಬಾಯಿಗೆ ತುತ್ತು ಹಾಕದ ಹೋಗೋದೇನ?"

ನಾನು ನಕ್ಕೆ. ಹಲಗೆ ಮೊದಲಿನಂತೆಯೇ ಮುಚ್ಚಿದೆವು. ಮರುದಿನ ರಜಿಯಾ ಬಂದು ಮೂರನೆಯ ಕೊಳವೆ ಇಳಿಸಿದಳು, ನಾಲ್ಕನೆಯದೂ ತೆಗೆದಳು. ಮಣ್ಣು ಕಟ್ಟಿಕೊಂಡು ಹೋದಳು. ಚರಗದ ವಿಷಯ ಹೇಳಬೇಕೆಂದು ನಮಗಿಬ್ಬರಿಗೂ ಹೊಳೆಯಲಿಲ್ಲ. ಹಬ್ಬದ ದಿನ ದೇವರಿಗೆ ನೈವೇದ್ಯ ಹಿಡಿದೆವು ಎಂದು ಯಾರಾದರೂ ಹೋಗಿ ವರದಿ ಮಾಡುತ್ತಾರೆಯೇ?

ಯುಗಾದಿ ಮುಗಿದ ವಾರ ರಜಿಯಾಳ ಫೋನು ಬಂತು. ನಮ್ಮವರು ಸ್ಪೀಕರಿಗೆ ಹಾಕಿದರು. ಮೂರನೆಯ ಕೊಳವೆಯ ಮಣ್ಣಿನ ವಯಸ್ಸು ತೆಗೆಸಿದ್ದರು. ಅದು ಹಿಮಯುಗದ ಕಾಲದ್ದು. ಅದರಲ್ಲಿ ಕಾಡುಹುಲ್ಲಿನದಲ್ಲದ ದೊಡ್ಡ ದುಂಡನೆಯ ಪರಾಗ ಸಿಕ್ಕಿತ್ತು. "ಅಗದಿ ಜ್ವಾಳದಂಗ ಐತ್ರಿ ಅಣ್ಣಾರ. ಖಾತ್ರಿ ಆದ್ರ, ಅಷ್ಟ ಹಿಂದ ಇಲ್ಲಿ ಯಾರೋ ಬೆಳಿ ಬೆಳದಾರ ಅಂತ ಆಕ್ಕೈತಿ. ಇಡೀ ಜಗತ್ತಿನಾಗ ಯಾರೂ ಹಿಂಗ ಹೇಳಿಲ್ರಿ. ನಮ್ಮ ಸರ್ ಖುಷಿಯಿಂದ ಕುಂತಲ್ಲಿ ಕುಂದರವಲ್ಲರು."

ಸಂಜೆಯೊಳಗೆ ಸುದ್ದಿ ಪಕ್ಕದ ಊರು ಬಮ್ಮಿಗಟ್ಟಿಯವರೆಗೆ ಮುಟ್ಟಿತ್ತು. ಚಹಾದ ಅಂಗಡಿಯಲ್ಲಿ ನಮ್ಮವರಿಗೆ ಕುರ್ಚಿ ಬಿಟ್ಟುಕೊಟ್ಟರಂತೆ. ಬಸ್ ಸ್ಟ್ಯಾಂಡಿನಲ್ಲಿ 'ಜಗತ್ತಿನ ಮೊದಲ ಒಕ್ಕಲಿಗರ ಊರು' ಎಂದು ಬೋರ್ಡು ಹಾಕಿಸುವುದೆಂದು ಮಾತಾಯಿತು.

ಮರುದಿನ ನಮ್ಮತ್ತಿ ಹಿತ್ತಲಲ್ಲಿ ನನ್ನ ಹತ್ತಿರ ಬಂದು ಕುಳಿತರು.

"ಸಾವಿತ್ರಿ, ಆ ಜ್ವಾಳ ನಮ್ಮ ತಂಬಗಿದು."

ನನಗೂ ರಾತ್ರಿಯಿಂದ ಅದೇ ಅನುಮಾನ ಕೊರೆಯುತ್ತಿತ್ತು. ಆದರೆ ಅವರ ಬಾಯಿಂದ ಕೇಳಿದಾಗ ಹೆದರಿಕೆಯಾಯಿತು.

"ಆಕಿಗೆ ಫೋನ್ ಹಚ್ಚಿ ಕೊಡು. ಹೇಳಿಬಿಡತೀನಿ."

ನಾನು ಹಚ್ಚಿಕೊಡಲಿಲ್ಲ. ಆ ಹುಡುಗಿಯ ಬಾಳು ಬೆಳಗುವ ಹೊತ್ತಿನಲ್ಲಿ ಕಲ್ಲು ಹಾಕುವುದು ಬೇಡ, ನಿಮ್ಮ ಮಗ ತಲೆ ಎತ್ತಿ ನಡೆಯುತ್ತಿದ್ದಾರೆ, ಅಷ್ಟು ದೊಡ್ಡ ಓದಿದವರಿಗೆ ತಿಳಿಯದ್ದು ನಮಗೆ ತಿಳಿಯುತ್ತದೆಯೇ, ಹೀಗೆಲ್ಲ ಹೇಳಿದೆ. ಅವರಿಗೆ ಫೋನು ಮಾಡಲು ಬರುತ್ತಿರಲಿಲ್ಲ. ಅದು ನನಗೆ ಗೊತ್ತಿತ್ತು. ಇಪ್ಪತ್ತು ದಿನ ಅವರು ದಿನಾ ಕೇಳಿದರು. ಇಪ್ಪತ್ತು ದಿನ ನಾನು ಒಂದಿಲ್ಲೊಂದು ನೆಪ ಹೇಳಿದೆ.

ಆಮೇಲೆ ರಜಿಯಾಳೇ ಬಂದಳು. ಊರವರಿಗೆ ತೋರಿಸಬೇಕೆಂದು ಆ ಪರಾಗ ಅಂಟಿಸಿದ ಗಾಜಿನ ಪಟ್ಟಿಗಳನ್ನು ತಂದಿದ್ದಳು. ನಮ್ಮ ಶಾಲೆಯಲ್ಲಿ ಅಲ್ಲಿಯ ಸೂಕ್ಷ್ಮದರ್ಶಕವನ್ನು ಕಿಟಕಿಯ ಬೆಳಕಿಗೆ ಇಟ್ಟು ಒಬ್ಬೊಬ್ಬರನ್ನೇ ಕರೆದಳು. ಕೋಣೆ ತುಂಬ ಜನ. ಹೊಲದ ಯಜಮಾನತಿ ಎಂದು ಮೊದಲು ನಮ್ಮತ್ತಿಯನ್ನು ಕೂಡ್ರಿಸಿದಳು. ಅವರು ಒಂದು ಕಣ್ಣು ಅಂಗೈಯಿಂದ ಮುಚ್ಚಿ ಬಹಳ ಹೊತ್ತು ನೋಡಿದರು.

"ಹುಣ್ಣಿಮಿ ಚಂದ್ರಾಮ ಇದ್ದಂಗ ಐತಿ. ಒಂದ ತೂತ."

"ಹೌದ್ರಿ ಆಯಿ, ಅದ ಅದರ ಗುರುತು."

"ಅಮಾಸಿ ಮರುದಿನ ಮೊದಲ ತಗದ ಮಣ್ಣಿಂದಲ್ಲೇನ ಇದು?"

ರಜಿಯಾ ತನ್ನ ವಹಿ ತೆಗೆದು ನೋಡಿದಳು. "ಹೌದ್ರಿ. ಬರೇ ಅದೊಂದ ಕೊಳವ್ಯಾಗ ಸಿಕ್ಕೈತ್ರಿ."

ನಾನು ಹಿಂದಿನಿಂದ ಅವರ ಸೆರಗು ಜಗ್ಗಿದೆ. ಅವರು ಮೆಲ್ಲಗೆ ಬಿಡಿಸಿಕೊಂಡು ಎದ್ದು ನಿಂತರು.

"ಹಂಗಾರ ಇದು ಹಿಮದ ಕಾಲದ್ದಲ್ಲ ತಂಗಿ. ನನ್ನ ಮ್ಯಾಲಿನ ಹೊಲದ ಜ್ವಾಳ. ಅಮಾಸಿ ದಿನ ನಿನ್ನ ಹಲಗಿ ಸರಿಸಿ ಚರಗ ಹಾಕೀನಿ. ಹೂವಾಡೋ ತೆನಿ ಮಜ್ಜಿಗ್ಯಾಗ ಜಾಡಿಸಿದ್ದೆ, ಆ ಮಜ್ಜಿಗಿ ಕೆಳಗ ಇಂಗಿರಬೇಕು."

ನಮ್ಮವರ ಮುಖ ಕಪ್ಪಿಟ್ಟಿತು. "ಯವ್ವಾ, ನಿನಗೇನರ ಬುದ್ಧಿ ಐತೇನ?" ಅಂದರು. ಬಾಗಿಲಲ್ಲಿ ನಿಂತ ಮುದುಕನೊಬ್ಬ, "ನೀಲವ್ವಾ, ಅದನ್ನ ಈಗ ಹೇಳತೀಯಲ್ಲ ಬೇ!" ಅಂದ.

"ಈಗರ ಹೇಳೀನಿ. ಸತ್ತ ಮ್ಯಾಲ ಹೇಳಾಕ ಬರತಿತ್ತೇನ?"

ರಜಿಯಾ ಕೇಳಿದಳು: "ನೀವು ಹಾಕೂದು ಮತ್ಯಾರರ ನೋಡ್ಯಾರೇನ್ರಿ ಆಯಿ?"

"ಇಲ್ಲ. ನಾ ಒಬ್ಬಾಕಿನ ಇದ್ದೆ."

ನನ್ನ ಕಡೆ ತಿರುಗಿಯೂ ನೋಡದೆ ಅಂದರು. ಅವರು ಸುಳ್ಳು ಹೇಳಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಜನ ಒಬ್ಬೊಬ್ಬರಾಗಿ ಹೋದರು. ರಜಿಯಾ ಜವುಳಿಗೆ ಹೋಗಿ ಬದುವಿನ ಮೇಲೆ ಕುಳಿತು ಅತ್ತಳು. ನಮ್ಮತ್ತಿ ಹೋಗಿ ಬಾಜೂ ಕುಳಿತರು, ಸಮಾಧಾನ ಹೇಳಲಿಲ್ಲ. ಸ್ವಲ್ಪ ಹೊತ್ತಿಗೆ ಅವಳೇ ಹಣೆ ಬಡಿದುಕೊಂಡಳು. "ಅಣ್ಣಿಗೇರಿಯಾಗ ಹುಟ್ಟಿ ಬೆಳದಾಕಿ ನಾ. ನಮ್ಮ ಬಾಜೂ ಮನಿಯವರು ಪ್ರತಿ ವರ್ಷ ಚರಗದ ಬುತ್ತಿ ಕೊಡತಾರ, ನಾನೂ ತಿಂದೀನಿ. ಎಳ್ಳಮಾಸಿ ದಿವಸ ಒಕ್ಕಲಿಗರ ಹೊಲದಾಗ ಬಾಯಿ ತೆರದ ತೆಗ್ಗು ಬಿಟ್ಟ ಹೋದೆನಲ್ರೀ!"

"ತಪ್ಪು ಇಬ್ಬರದೂ ಐತಿ ಬಿಡು," ಅಂದರು ನಮ್ಮತ್ತಿ. "ನೀ ಬಾಯಿ ತಗದಿ, ನಾ ಉಣಿಸಿದೆ. ಈಗ ಇನ್ನೊಂದು ತಗಿ. ಈ ಸಲ ನಾ ಕಾಯತೀನಿ."

ಅದು ಅಷ್ಟು ಸರಳವಾಗಲಿಲ್ಲ. ಅವಳ ಮಾರ್ಗದರ್ಶಕರಾದ ಸರ್ ನಂಬಲಿಲ್ಲ. ರಜಿಯಾ ನಮ್ಮ ಪಡಸಾಲೆಯಲ್ಲಿ ಕುಳಿತು ಹೇಳಿದಳು: "ಮುದುಕಿ ಬ್ಯಾರೆ ವರ್ಷದ್ದು ನೆನಸ್ಕೊಂಡಿರಬೇಕು ಅಂತಾರ. ಒಬ್ಬರ ಮಾತಿನ ಮ್ಯಾಲ ಇಂಥಾದ್ದನ್ನ ಬಿಟ್ಟುಕೊಡಾಕ ಆಗೂದಿಲ್ಲಂತ. ಇನ್ನೊಬ್ಬರು ನೋಡಿದವರು ಇದ್ದಿದ್ರ ಮಾತ ಬ್ಯಾರೆ ಇತ್ತು." ನಾನು ಒಲೆಯ ಮುಂದೆ ಚಹಾ ಸೋಸುತ್ತಿದ್ದೆ. ನಮ್ಮವರು ಅಲ್ಲೇ ಇದ್ದರು. ನಾನೂ ನೋಡಿದ್ದೇನೆ ಎಂದರೆ ಇಪ್ಪತ್ತು ದಿನ ನಾನೇ ತಡೆದದ್ದೂ ಹೊರಗೆ ಬರುತ್ತದೆ. ನಾನು ಬಾಯಿ ತೆರೆಯಲಿಲ್ಲ. ನಮ್ಮತ್ತಿ ಬಂದು ನನ್ನ ಕೈಯಿಂದ ಚಹಾದ ತಾಟು ತೆಗೆದುಕೊಂಡು ಹೋದರು.

ಮೇ ತಿಂಗಳ ಬಿಸಿಲಿನಲ್ಲಿ, ಮೊದಲ ತೂತಿನಿಂದ ಹತ್ತು ಹೆಜ್ಜೆ ಆಚೆ ಎರಡನೆಯದು ತೆಗೆದರು. ನಮ್ಮತ್ತಿ ಛತ್ರಿ ಹಿಡಿದು ಅದರ ಪಕ್ಕ ಕುಳಿತದ್ದು ಈಗಲೂ ಕಣ್ಣ ಮುಂದಿದೆ. ಯಾರನ್ನೂ ಹತ್ತಿರ ಬಿಡಲಿಲ್ಲ. ನೋಡಲು ಬಂದ ಹೆಂಗಸರಿಗೆ, "ತಲಿಯಾಗಿನ ಹೂವು ತಗದಿಟ್ಟ ಬಾ" ಅಂದರು. ಮಗನಿಗೆ, "ರೊಟ್ಟಿ ಬದುವಿನ ಮ್ಯಾಲ ತಿನ್ನು. ಕೈ ತೊಳಿ, ಮೀಸಿನೂ ತೊಳಿ" ಅಂದರು. ಹಿಂದೆ ದಿನಗಟ್ಟಲೆ ಮಾಡಿದ ಕೆಲಸವನ್ನು ರಜಿಯಾ ಒಂದೇ ದಿನದಲ್ಲಿ ಮುಗಿಸಿದಳು, ತೂತು ತೆರೆದಿಟ್ಟು ಹೋಗಬಾರದೆಂದು. ಕೆಲಸ ಮುಗಿದ ಮೇಲೆ ಅವಳೇ ಕೇಳಿದಳು, "ಆಯಿ, ಈಗ ತುತ್ತು ಹಾಕ್ರಿ." ನಮ್ಮತ್ತಿ ಒಂದು ತುತ್ತು ಬುತ್ತಿ ಹಾಕಿ ಮಣ್ಣು ಮುಚ್ಚಿಸಿದರು.

ಆ ಮಳೆಗಾಲವೆಲ್ಲ ಊರಿನ ಚೇಷ್ಟೆ ಅವರ ಬೆನ್ನು ಬಿಡಲಿಲ್ಲ. ಹಿಟ್ಟಿನ ಗಿರಣಿಯಲ್ಲಿ "ಹಿಮಯುಗದ ಆಯಿ ಬಂದಳು, ದಾರಿ ಬಿಡ್ರಿ" ಅನ್ನುತ್ತಿದ್ದರು. "ಬಿಡ್ರಿ ಮತ್ತ, ವಯಸ್ಸಿಗೆ ಮರ್ಯಾದಿ ಕೊಡ್ರಿ" ಎಂದು ಇವರು ಮುಂದೆ ಹೋಗಿ ಡಬ್ಬಿ ಇಡುತ್ತಿದ್ದರು. ಬೋರ್ಡಿನ ಮಾತು ನಿಂತಿತು. ನಮ್ಮವರು ತಾಯಿಯ ಜೊತೆ ಸರಿಯಾಗಿ ಮಾತಾಡಿದ್ದು ಶ್ರಾವಣ ಕಳೆದ ಮೇಲೆ.

ದೀಪಾವಳಿಯ ಹೊತ್ತಿಗೆ ರಜಿಯಾ ಫೋನು ಮಾಡಿದಳು. ಎರಡನೆಯ ತೂತಿನಲ್ಲಿ ಜೋಳ ಇರಲಿಲ್ಲ. ಆ ಆಳದಲ್ಲಿ ಇದ್ದದ್ದು ಬರೀ ಕಾಡುಹುಲ್ಲಿನ ಧೂಳು. ಜರಿಗಿಡದ ಬೀಜಾಣು ಹುಡುಕಿದರೂ ಸಿಗದಷ್ಟು ಕಡಿಮೆ. ಅಲ್ಲಿಂದ ಒಂದು ಮೊಳ ಮೇಲೆ ಬಂದರೆ ಬೀಜಾಣುಗಳು ಒಮ್ಮೆಲೇ ದಟ್ಟವಾಗಿ, ಅವುಗಳ ಜೊತೆ ಕಾಡಿನ ಮರಗಳ ಪರಾಗ.

"ಆಯಿ, ಹಿಮ ಕರಗಿ ಮಳಿ ತಿರುಗಿ ಬಂದದ್ದನ್ನ ನಿಮ್ಮ ಜವುಳು ಹಿಡಿದಿಟ್ಟೈತ್ರಿ."

"ನಮ್ಮೂರಾಗ ಹಿಮ ಬಿದ್ದಿತ್ತೇನವಾ?"

"ಇಲ್ರೀ. ದೂರ ಉತ್ತರಕ್ಕ. ಅಲ್ಲಿ ಹಿಮ ಹೆಚ್ಚಾದ್ರ ಇಲ್ಲಿ ಮಳಿ ಸೊರಗತಿತ್ತು."

ನಮ್ಮತ್ತಿ ಮಗನ ಕಡೆ ನೋಡಿದರು. "ಕೇಳಿದ್ಯಾ? ಕಪ್ಪಿ ಅಷ್ಟ ಅಲ್ಲ ಅಲ್ಲಿ ಬೆಳಿಯೂದು." ನಮ್ಮವರು ತಲೆ ತಗ್ಗಿಸಿ ನಕ್ಕರು. ಗರಸು ತುಂಬುವ ಮಾತನ್ನು ಮತ್ತೆ ಎತ್ತಲಿಲ್ಲ.

ಎರಡು ವರ್ಷದ ಮೇಲೆ ರಜಿಯಾ ತನ್ನ ಪ್ರಬಂಧದ ದಪ್ಪ ಪುಸ್ತಕ ತಂದುಕೊಟ್ಟಳು. ಇಂಗ್ಲಿಷಿನದು. ಒಂದು ಪುಟ ತೆಗೆದು ತಾನೇ ಅರ್ಥ ಹೇಳಿದಳು. ನಮ್ಮತ್ತಿ ಕೇಳಿದರು: "ನನ್ನ ಬಗ್ಗೆ ಏನ ಬರದೀ?"

"ನಿಮ್ಮ ಚರಗದಿಂದ ಮೊದಲನೇ ತೆಗ್ಗು ಕೆಟ್ಟಿತು ಅಂತ ಬರದೀನ್ರಿ."

"ಖರೇ ಐತಿ. ಮತ್ತ?"

"ಹೊಲದ ಯಜಮಾನತಿ ನೀಲವ್ವ ತಾವಾಗೇ ಮುಂದ ಬಂದು ಹೇಳಿದ್ರು. ಬ್ಯಾರೆ ಸಾಕ್ಷಿ ಇರಲಿಲ್ಲ, ಆದ್ರೂ ಅವರ ಮಾತ ನಂಬೀನಿ. ಹಂಗಂತ ಬರದೀನ್ರಿ."

ನಮ್ಮತ್ತಿ ಆ ಸಾಲಿನ ಮೇಲೆ ಬೆರಳಾಡಿಸಿದರು. ಓದಲು ಬಾರದ ಆ ಬೆರಳು ಸಾಲಿನ ಕೊನೆಗೆ ಬಂದು ನಿಂತದ್ದನ್ನು ನೋಡಿ ನಾನು ಒಳಗೆ ಎದ್ದುಹೋದೆ. ನನ್ನ ಅತ್ತೆಯ ಹೆಸರು ಪುಸ್ತಕದಲ್ಲಿ ಬಂತೆಂಬ ಹೆಮ್ಮೆಗೆ ಎದೆ ಉಬ್ಬಿತ್ತು, ಬೇರೆ ಸಾಕ್ಷಿ ಇರಲಿಲ್ಲ ಎಂಬ ಮಾತಿಗೆ ಕುಗ್ಗಿತ್ತು.

ತೀರಿಕೊಳ್ಳುವ ಮೊದಲು ಅವರು ಹಾಸಿಗೆ ಹಿಡಿದದ್ದು ನಾಲ್ಕೇ ದಿನ. ಆ ನಾಲ್ಕು ದಿನದಲ್ಲೂ ಆ ವಿಷಯ ಅವರು ಎತ್ತಲಿಲ್ಲ. ನಾನು ಎತ್ತಬೇಕಿತ್ತು.

ಪೈಪಿನ ಕೆಲಸ ಮುಗಿದು, ಓಣಿಯ ಮಣ್ಣು ಮುಚ್ಚಿದ ಮೇಲೆ ರಜಿಯಾ ಮಾತಾಡಿಸಲು ಬಂದಳು. ಈಗ ಅವಳು ಕಾಲೇಜಿನಲ್ಲಿ ಕಲಿಸುತ್ತಾಳೆ. ನಮ್ಮತ್ತಿಯ ಫೋಟೋದ ಮುಂದೆ ಬಹಳ ಹೊತ್ತು ಕುಳಿತಳು. ಕೆಲಸ ಎಲ್ಲಿಗೆ ಬಂತೆಂದು ನಾನೇ ಕೇಳಿದೆ. ದೊಡ್ಡ ಸಂಶೋಧನಾ ಪತ್ರಿಕೆಗೆ ಲೇಖನ ಕಳಿಸಿದ್ದಾಳೆ, ಅಲ್ಲಿಯ ಪರಿಶೀಲಕರು ಮತ್ತೆ ಅದನ್ನೇ ಹಿಡಿದಿದ್ದಾರೆ, ಎರಡನೆಯ ತೂತಿನಲ್ಲಿ ಜೋಳ ಸಿಗಲಿಲ್ಲವೆಂದ ಮಾತ್ರಕ್ಕೆ ಮೊದಲನೆಯದರಲ್ಲಿ ಇದ್ದದ್ದು ಚರಗದ್ದೇ ಎಂದು ಹೇಗೆ ಹೇಳುತ್ತೀರಿ, ಒಬ್ಬ ವೃದ್ಧೆಯ ನೆನಪನ್ನು ಎಷ್ಟು ನಂಬಬಹುದು ಎಂದು.

"ಆಯಿ ಇದ್ದಿದ್ರ ಕರಕೊಂಡ ಹೋಗಿ ಅವರ ಮುಂದ ಕೂಡ್ರಸ್ತಿದ್ದೆ ಅಕ್ಕಾರ," ಎಂದು ಅವಳು ನಕ್ಕಳು.

ನಮ್ಮವರು ಎದುರಿಗೇ ಕುಳಿತಿದ್ದರು. ನಾನು ಒಳಗೆ ಹೋಗಿ ಸಂಘದ ಪುಸ್ತಕದಿಂದ ಒಂದು ಹಾಳೆ ಹರಿದುಕೊಂಡು ಬಂದೆ.

"ರಜಿಯಾ, ನಮ್ಮತ್ತಿ ನಿಮ್ಮ ಮುಂದ ಒಂದು ಸುಳ್ಳು ಹೇಳ್ಯಾರ. ಅವರು ಒಬ್ಬರ ಇರಲಿಲ್ಲ. ಕಲ್ಲು ಸರಿಸಿದಾಕಿ ನಾನು."

ಅವಳು ಪೆನ್ನು ತೆಗೆದು ಕೊಟ್ಟಳು. ನಾನು ಬರೆದೆ: ಎಳ್ಳಮಾವಾಸ್ಯೆಯ ದಿನ ಮಧ್ಯಾಹ್ನ, ಮಜ್ಜಿಗೆಯಲ್ಲಿ ಕಲಸಿದ ಚರಗ, ಹೂವಾಡುವ ಎರಡು ಜೋಳದ ತೆನೆ, ಒಂದು ತಂಬಿಗೆ ಪೂರ್ತಿ. ನಾನು ಕಣ್ಣಾರೆ ಕಂಡಿದ್ದೇನೆ. ಅವರು ಹೇಳುತ್ತೇನೆಂದಾಗ ಇಪ್ಪತ್ತು ದಿನ ತಡೆದವಳೂ ನಾನೇ. ಅವರ ನೆನಪಿನಲ್ಲಿ ತಪ್ಪಿಲ್ಲ.

ಬರೆದದ್ದನ್ನು ನಮ್ಮವರಿಗೆ ಕೇಳುವಂತೆ ಜೋರಾಗಿ ಓದಿದೆ. ಕೆಳಗೆ ಸಹಿ ಮಾಡುವಾಗ ಇಂಥವರ ಹೆಂಡತಿ ಎಂದು ಬರೆಯುವುದು ರೂಢಿ. ನಾನು ಸಾವಿತ್ರಿ ಎಂದು ಬರೆದು ಅದರ ಮುಂದೆ ನೀಲವ್ವನ ಸೊಸೆ ಎಂದು ಬರೆದೆ.